ಲಕ್ಷ ವ್ಯೂಸ್ ಬೇಡ, ಎಕರೆಗೆ ಇನ್ನೂರು ವರ್ತನೆ ಮನೆ ಸಾಕು

ಇವತ್ತಿನ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಬೆಳೆದದ್ದನ್ನ ಮಾರೋದರ ಬಗ್ಗೆ. ಸ್ವಲ್ಪ ಖಾರ ಜಾಸ್ತಿ ಇರುತ್ತೆ, ಉದ್ದವೂ ಆಗುತ್ತೆ. ಗದ್ದೆಗೆ ನೀರು ಕಟ್ಟಿ ಬಂದು, ಕೈಕಾಲು ತೊಳ್ಕೊಂಡು, ಆರಾಮಾಗಿ ಕೂತು ಓದಿ.

ಹದಿನೈದು ದಿನದಿಂದ ನಮ್ಮ ಹೋಬಳಿಯ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಒಂದು ಪೋಸ್ಟರ್ ಓಡಾಡ್ತಾ ಇದೆ. ‘ರೈತರೇ, ಮೊಬೈಲಿನಿಂದಲೇ ತಿಂಗಳಿಗೆ ಲಕ್ಷ ದುಡಿಯಿರಿ. ಮೂರು ದಿನದ ತರಬೇತಿ. ಫೀಸು 4,999.’ ನನಗೆ ತಿಳಿದ ಮಟ್ಟಿಗೆ ನಮ್ಮ ಸುತ್ತಿನ ಊರುಗಳಿಂದ ಒಂಬತ್ತು ಹುಡುಗರು ದುಡ್ಡು ಕಟ್ಟಿ ಹೋಗಿ ಬಂದಿದ್ದಾರೆ. ಅದರಲ್ಲಿ ಒಬ್ಬನ ಅಪ್ಪ ಆ ತಿಂಗಳ ಹಾಲಿನ ಬಟವಾಡೆಯನ್ನೇ ಎತ್ತಿ ಕೊಟ್ಟಿದ್ದಾರೆ. ಹುಡುಗನ್ನ ಕೂರಿಸ್ಕೊಂಡು ಕೇಳಿದೆ, ಏನ್ ಹೇಳ್ಕೊಟ್ರಪ್ಪಾ ಅಂತ.

ಓಡ್ತಾ ಇರೋ ಹಾಡು ಯಾವುದು ನೋಡಿ ಹಾಕ್ಬೇಕಂತೆ. ಮೊದಲ ಮೂರು ಸೆಕೆಂಡಲ್ಲಿ ಜನ ನಿಲ್ಲೋ ಹಾಗೆ ಏನಾದ್ರೂ ಮಾಡ್ಬೇಕಂತೆ. ದಿನಕ್ಕೆ ಮೂರು ರೀಲ್ಸ್ ಬಿಡ್ಬೇಕಂತೆ. ಹತ್ತು ಸಾವಿರ ಫಾಲೋವರ್ಸ್ ಆದ್ಮೇಲೆ ವ್ಯಾಪಾರ ತಾನಾಗೇ ಬರುತ್ತಂತೆ.

‘ಬೆಲ್ಲ ಒಡೀದ ಹಾಗೆ ಡಬ್ಬಕ್ಕೆ ತುಂಬೋದು ಹೇಳ್ಕೊಟ್ರಾ?’

‘ಇಲ್ಲ ಕಣಣ್ಣ.’

‘ಆರ್ಡರ್ ಬಂದ್ರೆ ಎಲ್ಲಿ ಬರ್ಕೋಬೇಕು, ಹೆಂಗೆ ಬರ್ಕೋಬೇಕು ಅಂತ?’

‘ಇಲ್ಲ.’

‘ಮಳೆಗಾಲದಲ್ಲಿ ಬೆಲ್ಲ ನೀರು ಬಿಟ್ಟು ಗಿರಾಕಿ ಫೋನ್ ಮಾಡಿದ್ರೆ ಏನ್ ಉತ್ತರ ಕೊಡ್ಬೇಕು?’

ಹುಡುಗ ನಕ್ಕು ಸುಮ್ಮನಾದ.

ನನ್ನ ಸಿಟ್ಟು ಆ ಹುಡುಗನ ಮೇಲಲ್ಲ. ಕಲಿಯಬೇಕು ಅಂತ ಮನಸ್ಸು ಮಾಡಿದ್ದಾನೆ, ಅದೇ ದೊಡ್ಡದು. ಸಿಟ್ಟು ಆ ತರಬೇತಿಯ ಮೇಲೆ. ಬೆಲ್ಲ ಮಾರೋದು ಹೇಗೆ ಅಂತ ಕೇಳಲು ಹೋದವನಿಗೆ ಕುಣಿಯೋದು ಹೇಗೆ ಅಂತ ಕಲಿಸಿ ಕಳಿಸಿದ್ದಾರೆ. ಅಷ್ಟೇ ಸಿಟ್ಟು ನಮ್ಮ ಅರಳಿಕಟ್ಟೆ ಹಿರಿಯರ ಮೇಲೂ ಇದೆ. ‘ಫೋನು ಉಜ್ಜಿದ್ರೆ ಹೊಟ್ಟೆ ತುಂಬುತ್ತೇನ್ಲಾ, ಮಂಡಿಗೆ ಹಾಕು, ದುಡ್ಡು ಇಸ್ಕೊಂಡು ಬಾ’ ಅಂತಾರಲ್ಲ, ಅವರು. ಒಬ್ಬರು ಫೋನೇ ದೇವರು ಅಂತಾರೆ, ಇನ್ನೊಬ್ಬರು ಫೋನೇ ಪೀಡೆ ಅಂತಾರೆ. ಇಬ್ಬರ ಮಾತು ಕೇಳಿದರೂ ಮುಳುಗೋದು ಕಬ್ಬು ಬೆಳೆದು ಬೆಲ್ಲ ಮಾಡೋ ನಾವೇ.

ಮೊದಲು ಹಿರಿಯರಿಗೆ ಉತ್ತರ ಹೇಳ್ತೀನಿ.

ರಸ್ತೆ ಸರಿದು ಹೋಗಿದೆ, ಗೊತ್ತಿದೆಯಾ?

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲದಕ್ಕೂ ಬೈಪಾಸ್. ಅದೇ ವರ್ಷ ಆಗಸ್ಟ್ 1ರಿಂದ ಆ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಇಳಿಯೋ ಹಾಗಿಲ್ಲ. ಅದಕ್ಕೆ ಮುಂಚೆ ಹಳೇ ರಸ್ತೆಯಲ್ಲಿ ಏನಿತ್ತು ನೆನಪು ಮಾಡ್ಕೊಳ್ಳಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಗೊಂಬೆ, ಮದ್ದೂರಲ್ಲಿ ವಡೆ, ಅಲ್ಲಿಂದ ಮುಂದೆ ಎಳನೀರು, ಕಬ್ಬಿನ ಹಾಲು, ಅಚ್ಚು ಬೆಲ್ಲ. ಕಾರು ನಿಲ್ಲಿಸಿ ಇಳಿದವರು ಎರಡು ಕೆಜಿ ಬೆಲ್ಲ ತಗೊಂಡೇ ಹತ್ತೋರು. ಈಗ ಅದೇ ಕಾರು ಮಂಡ್ಯದ ಪಕ್ಕದಲ್ಲೇ ನೂರರ ಸ್ಪೀಡಲ್ಲಿ ಹೋಗುತ್ತೆ, ಮಂಡ್ಯ ಬಂತು ಅನ್ನೋದೂ ಒಳಗೆ ಕೂತವರಿಗೆ ಗೊತ್ತಾಗಲ್ಲ. ರಸ್ತೆ ಬದಿ ವ್ಯಾಪಾರ ಎಷ್ಟು ಬಿತ್ತು ಅಂತ ಅಲ್ಲಿ ಅಂಗಡಿ ಇಟ್ಟಿದ್ದವರನ್ನ ಕೇಳಿ.

ಉಳಿದದ್ದು ಮಂಡಿ. ಮಂಡಿಯಲ್ಲಿ ಬೆಲ್ಲದ ಬೆಲೆ ನಿಲ್ಲೋದು ಬಣ್ಣದ ಮೇಲೆ. ಬೆಳ್ಳಗೆ, ಹೊಂಬಣ್ಣಕ್ಕೆ ಇದ್ದರೆ ಒಂದು ರೇಟು, ಕಪ್ಪಗಿದ್ದರೆ ಇನ್ನೊಂದು ರೇಟು. ಆ ಬಣ್ಣ ಬರಿಸೋಕೆ ಕೊಪ್ಪರಿಗೆಗೆ ಏನ್ ಬೀಳುತ್ತೆ ಅಂತ ನಮಗೆ ನಾವೇ ಹೇಳ್ಕೋಬೇಕಾಗಿಲ್ಲ. ಹೈಡ್ರೋಸ್ ಹಾಕಿದ ಬೆಲ್ಲ ನಾಲ್ಕು ದಿನ ಚಿನ್ನದ ಹಾಗೆ ಹೊಳೆಯುತ್ತೆ, ಇಟ್ಟು ಇಟ್ಟು ಮತ್ತೆ ಕಪ್ಪಾಗುತ್ತೆ. ಮಂಡಿಗೆ ಆ ನಾಲ್ಕು ದಿನ ಸಾಕು. ಬೆಂಡೆ ಗಿಡದ ಲೋಳೆ ಹಾಕಿ, ಸುಣ್ಣದ ನೀರು ಹದವಾಗಿ ಹಾಕಿ, ಕೊಳೆ ತೆಗೆದು, ಬೇರೇನೂ ಹಾಕದೆ ಇಳಿಸಿದ ಬೆಲ್ಲವನ್ನ ಯಾರ್ಡಿನಲ್ಲಿ ಸುರಿದರೆ ‘ಯಾಕಣ್ಣ ಇಷ್ಟು ಕಪ್ಪು, ಎರಡು ರೂಪಾಯಿ ಕಮ್ಮಿ ಮಾಡ್ಕೊ’ ಅಂತಾರೆ. ಅಲ್ಲಿ ವಾದ ಮಾಡೋಕೆ ಜಾಗವೇ ಇಲ್ಲ. ಕೊಳ್ಳೋನು ತಿನ್ನೋನಲ್ಲ, ತಿನ್ನೋನು ಅಲ್ಲಿಗೆ ಬರಲ್ಲ.

ಕಪ್ಪು ಬೆಲ್ಲ ಯಾಕೆ ಕಪ್ಪು ಅಂತ ತಿನ್ನೋ ಮನೆಯವರಿಗೆ ನೇರವಾಗಿ ಹೇಳೋಕೆ ನಮ್ಮ ಅಪ್ಪ, ತಾತನ ಕಾಲದಲ್ಲಿ ದಾರಿ ಇರಲಿಲ್ಲ. ಈಗ ಇದೆ. ಆ ದಾರಿ ಈ ಫೋನು. ಕೇಂದ್ರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿಗೆ ಬರೆದಿರೋದೇ ಬೆಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಗಿರಾಕಿ ಬರಲ್ಲ ಸ್ವಾಮಿ. ನಾವು ಹೇಳ್ಬೇಕು, ತೋರಿಸ್ಬೇಕು. ಅದನ್ನ ಬೇಡ ಅನ್ನೋ ಹಿರಿಯರಿಗೆ ನನ್ನದು ಒಂದೇ ಪ್ರಶ್ನೆ: ಎರಡು ರೂಪಾಯಿ ಕಮ್ಮಿ ಮಾಡ್ಕೋ ಅಂದಾಗ ನೀವು ಕೊಡೋ ಉತ್ತರ ಏನು?

ಫೇಸ್‌ಬುಕ್ಕು ರಸ್ತೆ, ಅಂಗಡಿ ಅಲ್ಲ

ಈಗ ತರಬೇತಿಯವರ ಕಡೆ ಬರ್ತೀನಿ.

ಎಕ್ಸ್‌ಪ್ರೆಸ್ ವೇ ಕಥೆಯನ್ನ ಸುಮ್ಮನೆ ಹೇಳಲಿಲ್ಲ. ಹಳೇ ರಸ್ತೆ ಬದಿಯ ಅಂಗಡಿಯವರು ಕೆಲಸದಲ್ಲಿ ಏನೂ ತಪ್ಪು ಮಾಡಿರಲಿಲ್ಲ. ಒಳ್ಳೆ ಸಾಮಾನು ಇಟ್ಟಿದ್ದರು, ಹತ್ತಾರು ವರ್ಷ ನಡೆಸಿದ್ದರು. ಆದರೆ ಅವರ ಹತ್ತಿರ ನಿಂತು ಕೊಂಡವರ ಹೆಸರು ಇರಲಿಲ್ಲ, ನಂಬರು ಇರಲಿಲ್ಲ. ರಸ್ತೆ ಸರಿದ ದಿನವೇ ಗಿರಾಕಿಯೂ ಸರಿದ.

ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ಯೂಟ್ಯೂಬು ಎಲ್ಲವೂ ಇನ್ನೊಬ್ಬರ ರಸ್ತೆ. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ನಿಷೇಧ ಮಾಡಿತು. ನಿಷೇಧ ಸರಿಯೋ ತಪ್ಪೋ ಅನ್ನೋದು ಬೇರೆ ಮಾತು. ಅಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇಟ್ಟುಕೊಂಡಿದ್ದವರು ಎಲ್ಲವನ್ನೂ ಒಂದೇ ಏಟಿಗೆ ಕಳಕೊಂಡರು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್ಕು, ವಾಟ್ಸಾಪು, ಇನ್‌ಸ್ಟಾಗ್ರಾಮು ಮೂರೂ ಆರು ಗಂಟೆ ಹತ್ತಿರ ಮಲಗಿಬಿಟ್ಟವು. ಮೂರೂ ಒಂದೇ ಯಜಮಾನನವು, ಅದಕ್ಕೇ ಮೂರೂ ಒಟ್ಟಿಗೆ ಮಲಗಿದ್ದು. ಇನ್ನು ದಿನನಿತ್ಯದ ಸಂಗತಿ ನೋಡಿ. ನಿಮ್ಮ ಪೇಜಿಗೆ ಐದು ಸಾವಿರ ಜನ ಲೈಕ್ ಒತ್ತಿದ್ದರೂ ನೀವು ಹಾಕಿದ್ದು ಆ ಐದು ಸಾವಿರ ಜನರಿಗೂ ಹೋಗಲ್ಲ. ಯಾರಿಗೆ ತೋರಿಸಬೇಕು, ಎಷ್ಟು ಜನಕ್ಕೆ ತೋರಿಸಬೇಕು ಅಂತ ತೀರ್ಮಾನ ಮಾಡೋದು ಅವರು. ಉಳಿದವರಿಗೂ ತೋರಿಸು ಅಂದ್ರೆ ‘ಬೂಸ್ಟ್ ಮಾಡು, ದುಡ್ಡು ಕಟ್ಟು’ ಅಂತ ಗುಂಡಿ ತೋರಿಸ್ತಾರೆ. ನಮ್ಮ ರಸ್ತೆಗೆ ಟೋಲ್ ಬಂದಿದ್ದು ಈಚೆಗೆ, ಅವರದ್ದು ಆಗಲೇ ಶುರುವಾಗಿತ್ತು.

ಹಾಗಂತ ರಸ್ತೆಗೇ ಇಳಿಯಬೇಡಿ ಅಂತ ನಾನು ಹೇಳ್ತಿಲ್ಲ. ರಸ್ತೆಯಲ್ಲಿ ಸಿಕ್ಕ ಗಿರಾಕಿಯನ್ನ ಮನೆಗೆ ಕರ್ಕೊಂಡು ಬಂದು, ಜಗಲಿ ಮೇಲೆ ಕೂರಿಸಿ, ಹೆಸರು ಬರ್ಕೊಳ್ಳಿ ಅಂತಿದ್ದೀನಿ. ಮನೆ ಅಂದ್ರೆ ನಿಮ್ಮ ಪುಸ್ತಕ. ಇನ್ನೂರು ಪುಟದ ಉದ್ದ ನೋಟ್ ಬುಕ್ಕು.

ನಮ್ಮಜ್ಜಿ ಎಮ್ಮೆ ಕಟ್ಟಿದ್ದರು. ಅವರಿಗೆ ಹದಿನಾಲ್ಕು ವರ್ತನೆ ಮನೆ ಇದ್ದವು. ವರ್ತನೆ ಅಂದ್ರೆ ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ದಿನಾ ಇಷ್ಟು ಹಾಲು, ಇಂತಿಂಥ ಮನೆಗೆ, ತಿಂಗಳ ಕೊನೆಗೆ ಲೆಕ್ಕ, ವರ್ಷಾನುಗಟ್ಟಲೆ ಅದೇ ಮನೆ. ಎಮ್ಮೆ ಬತ್ತಿದಾಗ ‘ಎರಡು ತಿಂಗಳು ಹಾಲಿಲ್ಲ ಕಣವ್ವ’ ಅಂತ ಹೇಳಿ ಬರೋರು. ಎಮ್ಮೆ ಈದ ಮೇಲೆ ಅದೇ ಮನೆಯವರು ಕಾಯ್ಕೊಂಡು ಕೂತಿರೋರು. ಅಜ್ಜಿಗೆ ಫಾಲೋವರ್ಸ್ ಹದಿನಾಲ್ಕೇ ಮನೆ. ಸಂಸಾರ ಸಾಗಿದ್ದು ಅದರಿಂದಲೇ.

ಲೆಕ್ಕ ಹಾಕೋಣ ಬನ್ನಿ

ಹತ್ತು ಸಾವಿರ ಫಾಲೋವರ್ಸ್ ಯಾಕೆ ಬೇಕು ಅಂತ ಆ ಹುಡುಗನ್ನ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಎಷ್ಟು ಬೇಕು ಅನ್ನೋದಕ್ಕೆ ನನ್ನ ಹತ್ತಿರ ಲೆಕ್ಕ ಇದೆ.

ಎಕರೆಗೆ 40 ಟನ್ ಕಬ್ಬು ಅಂತ ಇಟ್ಕೊಳ್ಳಿ. ಟನ್ನಿಗೆ 100 ಕೆಜಿ ಬೆಲ್ಲ ಅಂತ ಕೈಯಳತೆ ಲೆಕ್ಕ. ಎಕರೆಗೆ 4,000 ಕೆಜಿ ಆಯ್ತು. ಬೆಲ್ಲ ಬಳಸೋ ಪಟ್ಟಣದ ಒಂದು ಮನೆ ಕಾಫಿ, ಸಾರು, ಹಬ್ಬದ ಒಬ್ಬಟ್ಟು, ಪಾಯಸ ಎಲ್ಲ ಸೇರಿ ವರ್ಷಕ್ಕೆ 20 ಕೆಜಿ ತಗೊಳ್ಳುತ್ತೆ ಅಂದ್ಕೊಳ್ಳಿ. 4,000ವನ್ನ 20ರಿಂದ ಭಾಗಿಸಿ. ಇನ್ನೂರು ಮನೆ. ಒಂದು ಎಕರೆಯ ಪೂರ್ತಿ ಕಬ್ಬಿಗೆ ಇನ್ನೂರು ವರ್ತನೆ ಮನೆ ಸಾಕು. ಅರ್ಧ ಮಂಡಿಗೆ, ಅರ್ಧ ನೇರ ಅನ್ನೋದಾದರೆ ನೂರೇ ಮನೆ. ಎರಡೋ ಮೂರೋ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸಿಗೋ ಮನೆಗಳು ಇವು.

ನನ್ನ ಪುಸ್ತಕದಿಂದ ಎರಡು ಸಾಲು ಹೇಳ್ತೀನಿ. ನಮ್ಮ ಆಲೆಮನೆಯ ಒಂದು ವಿಡಿಯೋ ಯಾಕೋ ಏನೋ ಓಡಿತು, ಒಂದು ಲಕ್ಷ ಎಂಬತ್ತು ಸಾವಿರ ಜನ ನೋಡಿದರು. ಅದರಿಂದ ಬಂದ ಆರ್ಡರು ಹನ್ನೊಂದು. ಹನ್ನೊಂದರಲ್ಲಿ ಮತ್ತೆ ತರಿಸಿಕೊಂಡವರು ಇಬ್ಬರು. ಮೈಸೂರಿನ ಒಂದು ಬಡಾವಣೆಯ ಹೆಣ್ಣುಮಗಳೊಬ್ಬರು ನಮ್ಮ ಬೆಲ್ಲದ ಒಂದು ಫೋಟೋವನ್ನ ಅವರ ಬಡಾವಣೆ ವಾಟ್ಸಾಪ್ ಗ್ರೂಪಿಗೆ ಹಾಕಿ ‘ನಾವು ಇವರ ಹತ್ತಿರ ತರಿಸ್ತೀವಿ, ಚೆನ್ನಾಗಿದೆ’ ಅಂತ ಒಂದು ಸಾಲು ಬರೆದರು. ಆರ್ಡರು ಇಪ್ಪತ್ಮೂರು. ಅದರಲ್ಲಿ ಹದಿನೇಳು ಮನೆ ಇವತ್ತಿಗೂ ವರ್ತನೆ. ಯಾವುದು ದೊಡ್ಡದು ನೀವೇ ಹೇಳಿ.

ದೂರ ಯಾಕೆ, 2021ರಲ್ಲಿ ಬಾಳೆಕಾಯಿಗೆ ಬೆಲೆ ಬಿದ್ದಾಗ ಪುತ್ತೂರಿನ ‘ಅಡಿಕೆ ಪತ್ರಿಕೆ’ ಮುಂದೆ ನಿಂತು ‘ಬಾಕಾಹು’ ಅಂತ ಅಭಿಯಾನ ಮಾಡಿತಲ್ಲ, ಬಾಳೆಕಾಯಿ ಹುಡಿ. ಅದು ಹಬ್ಬಿದ್ದು ವಾಟ್ಸಾಪ್ ಗ್ರೂಪಿನಲ್ಲಿ. ಮನೆಯ ಹೆಣ್ಣುಮಕ್ಕಳು ಬಾಳೆಕಾಯಿ ಒಣಗಿಸಿ, ಹುಡಿ ಮಾಡಿ, ಅದರಲ್ಲಿ ತಿಂಡಿ ಮಾಡಿ ಫೋಟೋ ಹಾಕಿದರು. ಒಬ್ಬರು ಮಾಡಿದ್ದನ್ನ ನೋಡಿ ಇನ್ನೊಬ್ಬರು ಮಾಡಿದರು. ಯಾರೂ ಹಾಡು ಹಾಕಿ ಕುಣಿಯಲಿಲ್ಲ. ಮಾಡಿದ ಕೆಲಸವನ್ನ ಮಾಡಿದ ಹಾಗೆ ತೋರಿಸಿದರು.

ಹಾಗಾದ್ರೆ ಕಲಿಯಬೇಕಾದದ್ದು ಏನು?

4,999 ಕಟ್ಟದೆ, ನಾನು ಕಂಡುಕೊಂಡದ್ದನ್ನ ಇಲ್ಲೇ ಬರೀತೀನಿ.

ಒಂದು. ವಾಟ್ಸಾಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, ದುಡ್ಡಿಲ್ಲ. ಅದರಲ್ಲಿ ಕ್ಯಾಟಲಾಗ್ ಇದೆ: ಅಚ್ಚು ಬೆಲ್ಲ, ಉಂಡೆ ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ ಒಂದೊಂದಕ್ಕೂ ಫೋಟೋ, ರೇಟು ಹಾಕಿಡಬಹುದು. ಗಿರಾಕಿಗಳಿಗೆ ಲೇಬಲ್ ಹಚ್ಚಬಹುದು: ಹೊಸಬರು, ದುಡ್ಡು ಬರಬೇಕು, ಕಳಿಸಿ ಆಯ್ತು, ವರ್ತನೆ. ಗದ್ದೆಯಲ್ಲಿದ್ದಾಗ ಮೆಸೇಜು ಬಂದರೆ ‘ಗದ್ದೆಯಲ್ಲಿದ್ದೀನಿ, ಸಂಜೆ ಏಳಕ್ಕೆ ಉತ್ತರ ಕೊಡ್ತೀನಿ’ ಅಂತ ತಾನಾಗೇ ಹೋಗೋ ಹಾಗೆ ಇಡಬಹುದು.

ಎರಡು. ಬ್ರಾಡ್‌ಕಾಸ್ಟ್ ಪಟ್ಟಿ. ಒಂದು ಪಟ್ಟಿಗೆ 256 ಮಂದಿ. ಅದರಲ್ಲಿ ಒಂದು ನಿಯಮ ಇದೆ: ನಿಮ್ಮ ನಂಬರನ್ನ ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಬಹಳ ಜನ ಇದನ್ನ ಕೊರತೆ ಅಂತಾರೆ. ನನಗೆ ಇದೇ ಅಳತೆಗೋಲು. ಲೈಕ್ ಒತ್ತೋಕೆ ಅರ್ಧ ಸೆಕೆಂಡು ಸಾಕು. ನಂಬರು ಸೇವ್ ಮಾಡಿ ‘ಬೆಲ್ಲದ ಗೌಡ್ರು’ ಅಂತ ಹೆಸರು ಹಾಕ್ಕೊಳ್ಳೋಕೆ ಮನಸ್ಸು ಬೇಕು. ಮೊದಲ ಪಾರ್ಸೆಲ್ ಜೊತೆ ಒಂದು ಚೀಟಿ ಇಡಿ: ‘ನಂಬರ್ ಸೇವ್ ಮಾಡ್ಕೊಳ್ಳಿ, ಮುಂದಿನ ಪಾಕ ಇಳಿದಾಗ ತಿಳಿಸ್ತೀವಿ.’

ಮೂರು. ರೇಟು ಬಚ್ಚಿಡಬೇಡಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅನ್ನೋದನ್ನ ಯಾರು ಕಲಿಸಿದರೋ. ಸಂತೆಯಲ್ಲಿ ಸೊಪ್ಪಿನವರು ಕಿವಿಯಲ್ಲಿ ಬಂದು ರೇಟು ಹೇಳ್ತಾರಾ? ಕೆಜಿಗೆ ಇಷ್ಟು, ಸಾಗಣೆ ಇಷ್ಟು, ಯಾವ ದಿನ ಕಳಿಸ್ತೀವಿ, ಮೂರನ್ನೂ ಮೊದಲ ಸಾಲಿನಲ್ಲೇ ಬರೀರಿ.

ನಾಲ್ಕು. ತೋರಿಸಬೇಕಾದದ್ದು ನಿಮ್ಮ ಕೆಲಸ. ಗಾಣಕ್ಕೆ ಕಬ್ಬು ಕೊಡೋದು, ಕೊಳೆ ತೆಗೆಯೋದು, ಪಾಕದ ತೊಟ್ಟನ್ನ ತಣ್ಣೀರಿಗೆ ಬಿಟ್ಟು ಹದ ನೋಡೋದು, ಅಚ್ಚಿಗೆ ಸುರಿಯೋದು. ನಮಗೆ ಇದು ದಿನದ ಗೋಳು, ಪಟ್ಟಣದವರು ಇದನ್ನ ಕಂಡೇ ಇಲ್ಲ. ಫೋನನ್ನ ಬೆಳಕಿಗೆ ಬೆನ್ನು ಮಾಡಿ ಹಿಡೀರಿ, ನಲವತ್ತು ಸೆಕೆಂಡು ಸಾಕು, ನಿಮ್ಮ ದನಿಯಲ್ಲೇ ಮಾತಾಡಿ. ‘ನಮಸ್ಕಾರ ಸ್ನೇಹಿತರೇ’ ಅಂತ ಟಿವಿಯವರ ಹಾಗೆ ಬಾಯಿ ತಿರುಗಿಸೋದು ಬೇಡ, ಮಂಡ್ಯದ ಮಾತೇ ಇರಲಿ. ಯಾವ ತಾಕಿನ ಕಬ್ಬು, ಯಾವ ದಿನ ಅರೆದದ್ದು ಹೇಳಿ.

ಐದು. ಮನೆ ಮನೆಗೆ ಕೊರಿಯರ್ ಮಾಡಿದರೆ ಬೆಲ್ಲಕ್ಕಿಂತ ಸಾಗಣೆಯೇ ಭಾರ. ಒಂದು ಬಡಾವಣೆಗೆ ತಿಂಗಳಿಗೆ ಒಂದು ದಿನ ಇಟ್ಕೊಳ್ಳಿ. ಇಪ್ಪತ್ತು ಮೂವತ್ತು ಮನೆಯ ಆರ್ಡರು ಸೇರಿಸಿ ಒಂದೇ ಗಾಡಿಯಲ್ಲಿ ಹೋಗಲಿ. ನೀವು ಮೂರು ಜನ ಸೇರಿದರೆ ಒಬ್ಬರದು ಬೆಲ್ಲ, ಒಬ್ಬರದು ಎಣ್ಣೆ, ಒಬ್ಬರದು ರಾಗಿ ಹಿಟ್ಟು, ಗಾಡಿ ಬಾಡಿಗೆ ಮೂರು ಪಾಲು. ದೂರದವರಿಗೆ ಅಂಚೆ ಪಾರ್ಸೆಲ್ ಇದೆ, ಕೆಎಸ್‌ಆರ್‌ಟಿಸಿಯವರ ‘ನಮ್ಮ ಕಾರ್ಗೋ’ ಇದೆ. ಮಳೆಗಾಲದಲ್ಲಿ ಅಚ್ಚು ಬೆಲ್ಲ ನೀರು ಬಿಡುತ್ತೆ. ಗಾಳಿ ಆಡದ ಕವರಿಗೆ ಹಾಕಿ ಕಳಿಸಿ, ಯಾಕೆ ಹೀಗೆ ಅಂತ ಮೊದಲೇ ಹೇಳಿಬಿಡಿ.

ಆರು. ಬೂಸ್ಟ್ ಮಾಡಲೇಬೇಕು ಅಂದ್ರೆ ಲೈಕಿಗೋಸ್ಕರ ಮಾಡಬೇಡಿ. ‘ಮೆಸೇಜು ಬರಬೇಕು’ ಅನ್ನೋದನ್ನ ಆಯ್ಕೆ ಮಾಡಿ, ಊರು ಮೈಸೂರೋ ಬೆಂಗಳೂರೋ ಅಷ್ಟಕ್ಕೇ ಕಟ್ಟಿ. ನಿಮ್ಮ ಗಾಡಿ ಹೋಗದ ಊರಿನವನು ಲೈಕ್ ಒತ್ತಿ ಏನ್ ಮಾಡ್ತಾನೆ? ಗೂಗಲ್ ಮ್ಯಾಪಿನಲ್ಲಿ ನಿಮ್ಮ ಆಲೆಮನೆ ಗುರುತು ಹಾಕಿ, ಅದಕ್ಕೂ ದುಡ್ಡಿಲ್ಲ. ಎಕ್ಸ್‌ಪ್ರೆಸ್ ವೇಯಿಂದ ಇಳಿದು ಬರೋ ಮನಸ್ಸಿದ್ದವರಿಗೆ ದಾರಿ ಸಿಗುತ್ತೆ.

ಏಳು. ಪುಸ್ತಕ. ಹೆಸರು, ನಂಬರು, ಏರಿಯಾ, ಏನು ತಗೊಂಡರು, ಯಾವತ್ತು, ಏನಂದರು. ನಮ್ಮ ಮನೆಯಲ್ಲಿ ಇದನ್ನ ಬರೆಯೋದು ನಮ್ಮ ಮನೆಯವರು. ಯಾವ ಮನೆಗೆ ಗಟ್ಟಿ ಬೆಲ್ಲ ಬೇಕು, ಯಾವ ಅಜ್ಜಿಗೆ ಹಲ್ಲಿಲ್ಲ, ಪುಡಿಯೇ ಕಳಿಸಬೇಕು ಅನ್ನೋದು ಅವರಿಗೆ ಬಾಯಿಪಾಠ. ಪೇಜಿನ ಮೇಲೆ ಮೀಸೆ ತಿರುವಿಕೊಂಡು ನಿಂತಿರೋದು ನಾವು, ವ್ಯಾಪಾರ ಉಳಿಸಿರೋದು ಅವರು. ತರಬೇತಿಗೆ ಹೋದ ಒಂಬತ್ತೂ ಜನ ಗಂಡು ಹುಡುಗರೇ ಅನ್ನೋದನ್ನೂ ಸ್ವಲ್ಪ ಯೋಚನೆ ಮಾಡಿ.

ಸುಳ್ಳು ಹೇಳಿದ್ರೆ ಮುಳುಗೋದು ಎಲ್ಲರೂ

ಈಗ ಹೇಳೋದು ನಮ್ಮವರಿಗೇ ಚುಚ್ಚುತ್ತೆ. ಆದರೂ ಹೇಳ್ತೀನಿ.

ನಮ್ಮ ಕಡೆಯ ಕೆಲವು ಪೇಜುಗಳಲ್ಲಿ ಬೇರೆ ಎಲ್ಲಿಯದೋ ಬೆಲ್ಲದ ಫೋಟೋ ಇದೆ. ಹೊರಗಿಂದ ತಂದ ಬೆಲ್ಲಕ್ಕೆ ‘ನಮ್ಮ ತೋಟದ್ದು’ ಅಂತ ಚೀಟಿ ಇದೆ. ಯೂರಿಯಾ ಹಾಕಿ ಬೆಳೆದ ಕಬ್ಬಿನ ಬೆಲ್ಲಕ್ಕೆ ‘ನೂರಕ್ಕೆ ನೂರು ಸಾವಯವ’ ಅಂತ ಬೋರ್ಡಿದೆ. ಸಾವಯವ ಅನ್ನೋ ಮಾತಿಗೆ 2017ರಿಂದ ನಿಯಮ ಇದೆ. ಅಂಗಡಿಗೆ ಹೋಗೋ ಪ್ಯಾಕೆಟ್ಟಿನ ಮೇಲೆ ಆ ಪದ ಹಾಕಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು. ತಿನ್ನೋರಿಗೆ ನೇರವಾಗಿ ಮಾರೋ ಸಣ್ಣ ರೈತರಿಗೆ ವಿನಾಯಿತಿ ಇದೆ, ನಿಜ. ಆ ವಿನಾಯಿತಿ ಕೊಟ್ಟಿರೋದು ಕಾಗದದ ತಾಪತ್ರಯ ಕಮ್ಮಿ ಆಗಲಿ ಅಂತ, ಸುಳ್ಳು ಹೇಳಲಿ ಅಂತಲ್ಲ. ನಾನು ಗೊಬ್ಬರ ಹಾಕ್ತೀನಿ. ಆದರೆ ಪಾಕಕ್ಕೆ ಹೈಡ್ರೋಸ್ ಹಾಕಲ್ಲ. ಅಷ್ಟನ್ನೇ ಬರೀತೀನಿ. ಅದನ್ನ ಓದಿ ಬೇಡ ಅಂದವರೂ ಇದ್ದಾರೆ, ನಿಜ ಹೇಳಿದಿರಲ್ಲ ಅಂತ ಉಳಿದವರು ಅದಕ್ಕಿಂತ ಜಾಸ್ತಿ ಇದ್ದಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ‘ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು’ ಅಂತ ಹಾಕ್ತಾರೆ. ಅಣ್ಣ, ಬೆಲ್ಲದಲ್ಲಿ ಇರೋದು ಬಹುಪಾಲು ಸಕ್ಕರೆಯ ಅಂಶವೇ. ಕಬ್ಬಿನ ಹಾಲು ಕುದಿಸಿ ಗಟ್ಟಿ ಮಾಡಿದ್ದು, ಇನ್ನೇನಿರುತ್ತೆ? ನಿಮ್ಮ ಮಾತು ನಂಬಿ ಯಾವುದೋ ಮನೆಯ ವಯಸ್ಸಾದವರು ದಿನಾ ತಿಂದು ಆಸ್ಪತ್ರೆ ಸೇರಿದರೆ ಆ ಪಾಪ ಯಾರ ತಲೆಗೆ? ಬೆಲ್ಲ ರುಚಿಗೆ ತಿನ್ನೋದು, ಔಷಧಿಗೆ ಅಲ್ಲ. ರುಚಿಯನ್ನೇ ಹೇಳಿ ಮಾರಿ, ಬೇಕಾದಷ್ಟಾಯ್ತು.

ಇದು ಒಬ್ಬನ ವಿಷಯ ಅಂತ ಸುಮ್ಮನಿರೋ ಹಾಗಿಲ್ಲ. ಯಾರೋ ಒಬ್ಬರು ನಮ್ಮ ಕಡೆಯ ಬೆಲ್ಲ ತರಿಸಿ, ಲ್ಯಾಬಿಗೆ ಕೊಟ್ಟು, ರಿಪೋರ್ಟಿನ ಫೋಟೋ ಹಾಕಿದರೆ ಆಗ ಯಾರೂ ಇಂಥವನ ಬೆಲ್ಲ ಅನ್ನಲ್ಲ, ಮಂಡ್ಯದ ಬೆಲ್ಲ ಅಂತಾರೆ. ನಾಲ್ಕು ವರ್ಷ ಕೂಡಿಸಿದ ನನ್ನ ವರ್ತನೆ ಮನೆಗಳೂ ಆವತ್ತು ಫೋನು ಎತ್ತಲ್ಲ, ನಿಮ್ಮವೂ ಎತ್ತಲ್ಲ. ಒಳ್ಳೆ ಸುದ್ದಿ ಎಷ್ಟು ಬೇಗ ಹೋಗುತ್ತೋ ಕೆಟ್ಟದ್ದು ಅದರ ಹತ್ತರಷ್ಟು ಬೇಗ ಹೋಗುತ್ತೆ, ಅದೇ ರಸ್ತೆಯಲ್ಲಿ.

ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಣ್ಣ ವ್ಯಾಪಾರಕ್ಕೆ ಅದೇನು ದೊಡ್ಡ ಖರ್ಚಲ್ಲ. 14 ಅಂಕಿಯ ನಂಬರು ಕೊಡ್ತಾರೆ, ಕವರಿನ ಮೇಲೆ ಹಾಕಿ. ಮೊದಲ ಸಲ ಕೊಳ್ಳೋ ಮನೆಯವರು ಹುಡುಕೋದೇ ಅದನ್ನ.

ಎರಡು ಎಚ್ಚರಿಕೆ

‘ಮಿಲಿಟರಿ ಕ್ಯಾಂಪಿನಿಂದ ಮಾತಾಡ್ತಿದ್ದೀನಿ, ಇನ್ನೂರು ಕೆಜಿ ಬೇಕು, ಈಗಲೇ ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂತ ಹಿಂದಿಯಲ್ಲಿ ಫೋನು ಬರುತ್ತೆ. ಪೇಜಿನಲ್ಲಿ ನಂಬರು ಹಾಕಿದ ವಾರದಲ್ಲೇ ಬಂದರೂ ಬರಬಹುದು. ದುಡ್ಡು ಇಸ್ಕೊಳ್ಳೋಕೆ ಪಿನ್ ಒತ್ತೋ ಅವಶ್ಯಕತೆಯೇ ಇಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ಹೋಗುತ್ತೆ. ಮನೆಯಲ್ಲಿ ಫೋನು ಹಿಡಿಯೋ ಎಲ್ಲರಿಗೂ, ಮಕ್ಕಳಿಗೂ ಇದನ್ನ ಹೇಳಿಡಿ.

ಎರಡನೇದು ಲೆಕ್ಕ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟರಲ್ಲ, ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು ‘ಬರೀ ಕ್ಯಾಶ್’ ಅಂತ ಬೋರ್ಡು ಹಾಕಿದರು. ಹೆದರೋದು ಬೇಡ, ಬರ್ಕೊಳ್ಳೋದು ಬೇಕು. ಬೆಲ್ಲದ ದುಡ್ಡು ಯಾವುದು, ಹಾಲಿನ ದುಡ್ಡು ಯಾವುದು, ಭಾವಮೈದ ತೀರಿಸಿದ ಸಾಲ ಯಾವುದು ಅಂತ ಬರೆದಿದ್ದರೆ ಯಾರು ಕೇಳಿದರೂ ಪುಸ್ತಕ ಮುಂದಿಡಬಹುದು. ಬೆಲ್ಲದ ವ್ಯಾಪಾರಕ್ಕೆ ಬೇರೆ ಖಾತೆಯನ್ನೇ ಇಟ್ಟುಬಿಟ್ಟರೆ ಇನ್ನೂ ಒಳ್ಳೇದು.

ಎಲ್ಲರೂ ಮಾರೋಕೆ ನಿಂತ್ರೆ ಕೊಳ್ಳೋರು ಯಾರು?

ಇದು ನಮ್ಮ ಹಿರಿಯರು ಕೇಳೋ ಕೊನೇ ಪ್ರಶ್ನೆ. ಬೆಂಗಳೂರಿನಲ್ಲಿ ಕೋಟಿಗೂ ಮೀರಿ ಜನ ಇದ್ದಾರೆ. ನಮ್ಮ ಹೋಬಳಿಯಲ್ಲಿ ನಡೀತಾ ಇರೋ ಆಲೆಮನೆ ಕೈಬೆರಳಲ್ಲಿ ಎಣಿಸಬಹುದು. ಒಂದೊಂದಕ್ಕೆ ಇನ್ನೂರು, ನಾನೂರು ಮನೆ ಹಂಚಿದರೂ ಆ ಊರಿನ ಒಂದು ಮೂಲೆ ಮುಗಿಯಲ್ಲ. ನನ್ನ ಮನೆಗಳನ್ನ ನೀವು ಕಿತ್ಕೋತೀರಿ ಅನ್ನೋ ಭಯ ನನಗಿಲ್ಲ. ಇದ್ದಿದ್ದರೆ ಇಷ್ಟುದ್ದ ಬರೀತಿರಲಿಲ್ಲ.

ನನಗಿರೋ ಭಯ ಬೇರೆ. ಒಂದು ಕಡೆ ಹುಡುಗರು ಮೂರು ತಿಂಗಳು ರೀಲ್ಸ್ ಮಾಡಿ, ವ್ಯೂಸ್ ಬರಲಿಲ್ಲ ಅಂತ ಬೇಜಾರಾಗಿ, ಆಲೆಮನೆಗೆ ಬೀಗ ಹಾಕಿ ಬೆಂಗಳೂರಿಗೆ ಡೆಲಿವರಿ ಬ್ಯಾಗು ಹೊರೋಕೆ ಹೋಗ್ತಾರೆ. ಇನ್ನೊಂದು ಕಡೆ ಹಿರಿಯರು ‘ನಾವು ಹೇಳಿರಲಿಲ್ವಾ’ ಅಂತ ಮತ್ತೆ ಮಂಡಿಗೇ ಸುರೀತಾರೆ. ಮಂಡಿಯವರು ಬಣ್ಣ ಕೇಳ್ತಾರೆ, ಬಣ್ಣಕ್ಕೆ ಪುಡಿ ಬೀಳುತ್ತೆ. ಹತ್ತು ವರ್ಷ ಕಳೆದ ಮೇಲೆ ಒಳ್ಳೆ ಪಾಕದ ಹದ ಗೊತ್ತಿರೋ ಕೈ ನಮ್ಮ ಊರುಗಳಲ್ಲಿ ಉಳಿದಿರಲ್ಲ. ಆ ಹದ ಒಂದು ಸಲ ಕೈ ತಪ್ಪಿದರೆ ಯಾವ ತರಬೇತಿಯವನೂ 4,999ಕ್ಕೆ ಹೇಳಿಕೊಡಲ್ಲ.

ಅದಕ್ಕೇ ಆ ಒಂಬತ್ತು ಹುಡುಗರಿಗೆ ಕೇಳ್ಕೋತೀನಿ. ದುಡ್ಡು ಹೋಯ್ತು ಅಂತ ಕೊರಗಬೇಡಿ. ವಿಡಿಯೋ ತೆಗೆಯೋದು ಕಲಿತಿದ್ದೀರಿ, ಅದು ವ್ಯರ್ಥ ಆಗಲ್ಲ. ಬರೋ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಆಲೆಮನೆ ಹತ್ತಿರ ಬನ್ನಿ. ಬರುವಾಗ ಅಮ್ಮನ್ನೋ ಅಕ್ಕನ್ನೋ ಮನೆಯವರನ್ನೋ ಕರ್ಕೊಂಡು ಬನ್ನಿ, ಫೀಸಿಲ್ಲ. ಒಂದು ಹೊಸ ನೋಟ್ ಬುಕ್ಕು, ಒಂದು ಪೆನ್ನು ತನ್ನಿ. ನಿಮ್ಮ ಫೋನಿನಲ್ಲಿ ಇರೋ ನಂಬರುಗಳಲ್ಲಿ ಪಟ್ಟಣದಲ್ಲಿರೋ ನೆಂಟರು, ಜೊತೆಗೆ ಓದಿದವರು, ಅವರ ಅಕ್ಕಪಕ್ಕದ ಮನೆಯವರು ಯಾರ್ಯಾರು ಅಂತ ಮೊದಲ ಪುಟದಲ್ಲಿ ಬರೆಯೋಣ. ಇಪ್ಪತ್ತು ಹೆಸರು ಬಂದರೂ ಶುರು ಮಾಡೋಕೆ ಸಾಕು. ಕಬ್ಬಿನ ಹಾಲು ನಮ್ಮ ಕಡೆಯಿಂದ.